ಮೆಟ್ಟಿಲು ಹತ್ತಬೇಕಾದವರು ಯಾರು?

ಹಾಸನದಂಥ ಊರಿನಲ್ಲಿ ನಡೆಯುವವರನ್ನೂ ವಾಹನಗಳನ್ನೂ ಬೇರ್ಪಡಿಸುವ ಮಾತು ಬಂದಾಗಲೆಲ್ಲ ಚರ್ಚೆ ಬಹುಬೇಗ ಸ್ಕೈವಾಕ್‌ಗೆ ಬಂದು ನಿಲ್ಲುತ್ತದೆ. ಊರಿನ ನಡುವೆ ಹಾದುಹೋಗುವ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯನ್ನು ದಾಟುವುದು ಕಷ್ಟ, ಆದ್ದರಿಂದ ಅದರ ಮೇಲೊಂದು ಸೇತುವೆ ಕಟ್ಟಿ ಎಂಬ ಬೇಡಿಕೆ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಬೇರ್ಪಡಿಸುವ ಹೊರೆಯನ್ನು ಯಾರ ಹೆಗಲಿಗೆ ಹಾಕುತ್ತಿದ್ದೇವೆ ಎಂದು ಮೊದಲೇ ಕೇಳಿಕೊಳ್ಳದಿದ್ದರೆ, ನಡೆಯುವವರ ಹೆಸರಿನಲ್ಲಿ ವಾಹನಗಳಿಗೆ ಅನುಕೂಲ ಮಾಡಿಕೊಟ್ಟಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಸರಳವಾಗಿದೆ. ಲಾರಿಗಳು ಓಡಾಡುವ ಹೆದ್ದಾರಿಯ ಮೇಲೆ ಸೇತುವೆ ಕಟ್ಟುವಾಗ ಅದರ ಕೆಳಗೆ 5.5 ಮೀಟರ್ ಎತ್ತರವನ್ನು ಖಾಲಿ ಬಿಡಬೇಕು. ಸೇತುವೆಯ ದಪ್ಪವನ್ನೂ ಸೇರಿಸಿ, ಒಂದು ಮೆಟ್ಟಿಲಿಗೆ 15 ಸೆಂಟಿಮೀಟರ್ ಎಂದು ಹಿಡಿದರೆ ಹತ್ತುವುದಕ್ಕೆ ಸುಮಾರು 40 ಮೆಟ್ಟಿಲು, ಇಳಿಯುವುದಕ್ಕೆ ಮತ್ತೆ ಅಷ್ಟೇ. ಅದೇ 20 ಮೀಟರ್ ಅಗಲದ ರಸ್ತೆಯನ್ನು ನೆಲದ ಮೇಲೆಯೇ ದಾಟಲು, ಸೆಕೆಂಡಿಗೆ 1.2 ಮೀಟರ್ ನಡಿಗೆಯ ವೇಗದಲ್ಲಿ, 17 ಸೆಕೆಂಡು ಸಾಕು. ಕಟ್ಟಿನಕೆರೆ ಮಾರುಕಟ್ಟೆಯಿಂದ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಬರುವ ಹೆಂಗಸಾಗಲಿ, ಮಂಡಿನೋವಿನ ಹಿರಿಯರಾಗಲಿ ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಹೇಳಲು ಸಮೀಕ್ಷೆ ಬೇಕಿಲ್ಲ. ಸುರಂಗ ಮಾರ್ಗದಲ್ಲಿ ಮೆಟ್ಟಿಲು ಕಡಿಮೆಯಾಗುತ್ತದೆ, ಏಕೆಂದರೆ ಮನುಷ್ಯ ಲಾರಿಗಿಂತ ಗಿಡ್ಡ. ಆದರೆ ಮಲೆನಾಡಿನ ಅಂಚಿನ ನಮ್ಮ ಮಳೆಗಾಲದಲ್ಲಿ ಅದರೊಳಗೆ ನಿಲ್ಲುವ ನೀರನ್ನು ಹೊರಹಾಕುವವರು ಯಾರು ಎಂಬುದು ಕಟ್ಟಿ ಮುಗಿದ ಮೇಲೆ ಎದುರಾಗುವ ಪ್ರಶ್ನೆ.

ಪೂರ್ಣ ಬೇರ್ಪಡಿಕೆಯ ಕನಸು ಹೊಸದಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ರೂಪಿಸಿದ ರ‍್ಯಾಡ್‌ಬರ್ನ್ ಬಡಾವಣೆಯಲ್ಲಿ ಮನೆಗಳ ಒಂದು ಬದಿಗೆ ಕಾರು ಬಂದು ನಿಲ್ಲುವ, ಮುಂದಕ್ಕೆ ದಾರಿಯಿಲ್ಲದ ಓಣಿ, ಇನ್ನೊಂದು ಬದಿಗೆ ಉದ್ಯಾನ ಮತ್ತು ಕಾಲುದಾರಿ. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಕಾಲುದಾರಿ ಅದರ ಕೆಳಗೆ ಹಾದುಹೋಗುತ್ತಿತ್ತು. ಮೂಲ ಬಡಾವಣೆ ಇಂದಿಗೂ ಮೆಚ್ಚುಗೆಗೆ ಪಾತ್ರವಾಗಿದೆ. ಆದರೆ ಅದೇ ಮಾದರಿಯನ್ನು ಬ್ರಿಟನ್ನಿನಲ್ಲೂ ಆಸ್ಟ್ರೇಲಿಯದಲ್ಲೂ ಅಗ್ಗದ ಸಾರ್ವಜನಿಕ ವಸತಿಗೆ ಅನ್ವಯಿಸಿದಾಗ ಜನ ಕಾರು ನಿಲ್ಲುವ ಹಿಂಬದಿಯನ್ನೇ ಮುಂಬಾಗಿಲನ್ನಾಗಿ ಬಳಸಿದರು, ಮಕ್ಕಳು ಉದ್ಯಾನವನ್ನು ಬಿಟ್ಟು ಕಾರಿನ ಓಣಿಯಲ್ಲೇ ಆಡಿದರು, ಯಾರ ಕಣ್ಣೂ ಬೀಳದ ಕಾಲುದಾರಿಗಳು ಕತ್ತಲಾದ ಮೇಲೆ ಹೆದರಿಕೆ ಹುಟ್ಟಿಸತೊಡಗಿದವು. ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಬಡಾವಣೆಗಳನ್ನು ಮತ್ತೆ ಸಾಮಾನ್ಯ ಬೀದಿಯ ಕಡೆಗೆ ತಿರುಗಿಸುವ ಕೆಲಸವನ್ನೇ ಕೈಗೊಳ್ಳಬೇಕಾಯಿತು. ನಮ್ಮ ಚಂಡೀಗಢದ 17ನೇ ಸೆಕ್ಟರಿನ ವಾಹನರಹಿತ ಚೌಕ ಇದಕ್ಕಿಂತ ಉತ್ತಮ ಉದಾಹರಣೆ. ಅಲ್ಲಿ ಅಂಗಡಿಗಳ ಮುಖವೇ ನಡೆಯುವವರ ಕಡೆಗಿದೆ. ನಾಲ್ಕು ಜನ ಓಡಾಡುವ ಕಡೆಗೆ ಬಾಗಿಲು ತೆರೆದಿದ್ದರೆ ಮಾತ್ರ ಕಾಲುದಾರಿ ಬದುಕುತ್ತದೆ.

ಹಾಗಾದರೆ ಎಲ್ಲಿ ಬೇರ್ಪಡಿಸಬೇಕು, ಎಲ್ಲಿ ಬೇಡ? ಇದನ್ನು ತೀರ್ಮಾನಿಸಬೇಕಾದುದು ವೇಗ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವಾಹನ, ಚಾಲಕನ ಕಾಲು ಬ್ರೇಕಿಗೆ ತಗಲುವ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. 30ರ ವೇಗದಲ್ಲಿ ಅದು 8 ಮೀಟರಿನ ಆಸುಪಾಸು. ಜನರೂ ವಾಹನಗಳೂ ಬೆರೆಯುವ ಜಾಗದಲ್ಲಿ 30 ಕಿಲೋಮೀಟರ್ ಮೀರಬಾರದು ಎಂದು ರಸ್ತೆ ಸುರಕ್ಷತೆ ಕುರಿತ 2020ರ ಜಾಗತಿಕ ಸಮ್ಮೇಳನದ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದಕ್ಕೂ ಇದೇ ಆಧಾರ. ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದಲ್ಲಿ ಆರಂಭವಾಗಿ 1976ರಲ್ಲಿ ಕಾನೂನಿನ ಮಾನ್ಯತೆ ಪಡೆದ ವಸತಿ ಬೀದಿಗಳಲ್ಲಿ ಕಾರನ್ನು ಹೊರಗಿಡದೆ, ಗಿಡ, ಬೆಂಚು, ತಿರುವುಗಳಿಂದ ಅದನ್ನು ನಡಿಗೆಯ ವೇಗಕ್ಕೆ ಇಳಿಸಲಾಯಿತು. ಬೇಲೂರಿನ ರಥಬೀದಿಯನ್ನು ನೋಡಿದಾಗ ನನಗೆ ಈ ವಿಷಯ ನೆನಪಾಗುತ್ತದೆ: ತೇರು ಎಷ್ಟೇ ದೊಡ್ಡದಿರಲಿ, ಅದು ಸಾಗುವುದು ಎಳೆಯುವವರ ನಡಿಗೆಯ ವೇಗದಲ್ಲಿ.

ವಾಹನವನ್ನು ಹೊರಗಿಡುವುದೂ ನಮ್ಮ ಊರಿಗೆ ಅಪರಿಚಿತವಲ್ಲ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆದ ಮೇಲೆ ದೇವಸ್ಥಾನದ ಸುತ್ತಲಿನ ಬೀದಿಗಳಿಗೆ ಬ್ಯಾರಿಕೇಡ್ ಬರುತ್ತದೆ, ವಾಹನಗಳು ದೂರದಲ್ಲೇ ನಿಲ್ಲುತ್ತವೆ, ಬೀದಿಯೆಲ್ಲ ಸರದಿಯ ಸಾಲುಗಳ ಪಾಲಾಗುತ್ತದೆ. ಇದು ಜನಸಂದಣಿಯನ್ನು ನಿಭಾಯಿಸುವ ತಾತ್ಕಾಲಿಕ ಏರ್ಪಾಡು ಎಂಬುದನ್ನು ಒಪ್ಪುತ್ತೇನೆ. ಕೆಲವು ದಿನ ಸಹಿಸಿದ್ದನ್ನು ವರ್ಷವಿಡೀ ಸಹಿಸಿ ಎಂದು ಅಲ್ಲಿನ ಅಂಗಡಿಯವರಿಗೆ ಹೇಳಲಾಗದು. ಆದರೂ ಕೋಪನ್‌ಹೇಗನ್‌ನ ಸ್ಟ್ರಾಯೆಟ್ ಬೀದಿಯನ್ನು 1962ರಲ್ಲಿ ನಡೆಯುವವರಿಗೆ ಬಿಟ್ಟುಕೊಟ್ಟಾಗ ವ್ಯಾಪಾರ ಮುಳುಗುತ್ತದೆಂದು ಅಲ್ಲಿನ ವರ್ತಕರೂ ಆತಂಕಪಟ್ಟಿದ್ದರು, ಇಂದು ಅದು ಆ ನಗರದ ಮುಖ್ಯ ವ್ಯಾಪಾರದ ಬೀದಿಗಳಲ್ಲೊಂದು.

ಬಿ.ಎಂ. ರಸ್ತೆಯಂಥ ವೇಗದ ರಸ್ತೆಯಲ್ಲಿ ಬೇರ್ಪಡಿಕೆ ಬೇಕೇ ಬೇಕು, ಆದರೆ ಅದು ನೆಲದ ಮೇಲೆ ಆಗಬೇಕು. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಫುಟ್‌ಪಾತ್‌ಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಮತ್ತು 15 ಸೆಂಟಿಮೀಟರ್ ಮೀರದ ಎತ್ತರವನ್ನು ಹೇಳಿತ್ತು. ಈ ಎತ್ತರದ ಮಾತನ್ನು ನಾವು ಹಗುರವಾಗಿ ಪರಿಗಣಿಸುತ್ತೇವೆ. ಚರಂಡಿಯ ಚಪ್ಪಡಿಯನ್ನೇ ಫುಟ್‌ಪಾತ್ ಎಂದು ಕರೆದು, ಒಂದು ಅಂಗಡಿಯ ಮುಂದೆ ಏರಿಸಿ ಇನ್ನೊಂದರ ಮುಂದೆ ಇಳಿಸಿ, ನಡುವೆ ವಿದ್ಯುತ್ ಕಂಬ ನೆಟ್ಟರೆ, ನಡೆಯುವವರು ರಸ್ತೆಗೆ ಇಳಿಯುವುದು ಅಶಿಸ್ತಿನಿಂದಲ್ಲ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನೇ ನೆಪ ಮಾಡಿಕೊಂಡು ತಳ್ಳುಗಾಡಿಯವರನ್ನಷ್ಟೇ ಎಬ್ಬಿಸುವುದು ಸರಿಯಲ್ಲ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ, ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕಿಗೆ ಅಂಥ ಯಾವ ಕಾಯ್ದೆಯ ಬೆಂಬಲವೂ ಇಲ್ಲ.

ಅಡ್ಡರಸ್ತೆ ಕೂಡುವ ಕಡೆಗಳಲ್ಲಿ ಫುಟ್‌ಪಾತನ್ನು ಕತ್ತರಿಸದೆ ಅದೇ ಮಟ್ಟದಲ್ಲಿ ಮುಂದುವರಿಸಿದರೆ ಏರಿ ಇಳಿಯಬೇಕಾದದ್ದು ವಾಹನವೇ ಆಗುತ್ತದೆ, ರಸ್ತೆ ಉಬ್ಬಿನ ಕೆಲಸವೂ ಅದರಿಂದಲೇ ನಡೆಯುತ್ತದೆ. ಮುಖ್ಯರಸ್ತೆಯಲ್ಲಿ ದಾಟುವ ಜಾಗಕ್ಕೆ ಸಿಗ್ನಲ್, ರಸ್ತೆ ವಿಭಜಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಅಗಲದ ತಂಗುಜಾಗ, ಮಾರುಕಟ್ಟೆಯ ಓಣಿಗಳಲ್ಲಿ ಸರಕಿನ ಗಾಡಿಗಳಿಗೆ ಬೆಳಗಿನ ಗೊತ್ತಾದ ಹೊತ್ತು ಮಾತ್ರ ಪ್ರವೇಶ: ಇವೆಲ್ಲ ಒಂದು ಸ್ಕೈವಾಕ್‌ನಷ್ಟು ದೂರದಿಂದ ಕಾಣುವ ಕಾಮಗಾರಿಗಳಲ್ಲ, ಉದ್ಘಾಟನೆಗೆ ಟೇಪು ಕಟ್ಟಲು ಜಾಗವೂ ಸಿಗದು. ಬೈಪಾಸ್ ಇರುವ ಊರಿನಲ್ಲಿ ಪೇಟೆಯೊಳಗಿನ ವಾಹನಕ್ಕೆ ಕೆಲವು ಸೆಕೆಂಡು ಕಾಯಿರಿ ಎಂದು ಕೇಳುವುದು ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ.