ಮುಜಂಟಿಯ ಕಿಂಡಿ ಮುಚ್ಚಿದ ಮೇಲೆ

ನಾನು ಮಂಗಳೂರಿನಲ್ಲಿ ಸಣ್ಣ ಮನೆಗಳ ಪ್ಲ್ಯಾನ್ ಮಾಡುವ ಆರ್ಕಿಟೆಕ್ಟ್. ಹೆಚ್ಚಿನ ಕೆಲಸ ನಾಲ್ಕು, ಐದು ಸೆಂಟ್ಸ್ ಜಾಗದ್ದು. ಕೆಲಸಕ್ಕೆ ಇಳಿದ ಹೊಸತರಲ್ಲಿ ಕುಲಶೇಖರದ ಹತ್ತಿರ ಒಂದು ಹಳೇ ಮನೆಯ ರಿಪೇರಿ ಸಿಕ್ಕಿತು. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು. ಮಕ್ಕಳೆಲ್ಲ ಊರ ಹೊರಗೆ, ಮನೆಯಲ್ಲಿ ತಾಯಿ ಒಬ್ಬರೇ. ಹಿಂದಿನ ಗೋಡೆಯ ಕಲ್ಲಿನ ಸಂದುಗಳಲ್ಲಿ ಮಣ್ಣು ಉದುರಿ ಕಿಂಡಿ ಬಿದ್ದಿತ್ತು. ಮಳೆಗಾಲಕ್ಕೆ ಮುಂಚೆ ಎಲ್ಲ ಸಂದಿಗೂ ಸಿಮೆಂಟ್ ತುಂಬಿಸಿ ಅಂತ ಮೇಸ್ತ್ರಿಗೆ ಹೇಳಿದೆ. ಎರಡೇ ದಿನದಲ್ಲಿ ಮುಗಿಯಿತು. ಗೋಡೆ ಚಂದ ಕಂಡಿತು.

ಮರುದಿನ ಹೋದಾಗ ಆ ಅಮ್ಮ ಗೋಡೆಯ ಎದುರು ನಿಂತಿದ್ದರು.

"ಇಲ್ಲಿ ಮುಜಂಟಿ ಇತ್ತಲ್ಲ ಮಗಾ, ಅದಕ್ಕೆ ಎಂತ ಮಾಡಿದ್ರಿ?"

ಸಿಮೆಂಟ್ ಮೆತ್ತಿದ ಜಾಗದ ಸುತ್ತ ಹತ್ತಿಪ್ಪತ್ತು ಪುಟ್ಟ ಕಪ್ಪು ನೊಣಗಳು ಹಾರುತ್ತಿದ್ದವು. ನೊಣವಲ್ಲ, ಮುಜಂಟಿ ಅನ್ನುವ ಪುಟ್ಟ ಜೇನುಗಳು, ಹೊರಗೆ ಉಳಿದುಹೋದವು. ಮೇಸ್ತ್ರಿ ಉಳಿ ತಂದು ಒಡೆದರು. ತಡವಾಗಿತ್ತು. ಸಿಮೆಂಟಿನ ನೀರು ಒಳಗೆ ಇಳಿದು ಗೂಡು ಹಾಳಾಗಿತ್ತು. ಅಮ್ಮ ಬೈಯಲಿಲ್ಲ. "ನಮ್ಮ ಅತ್ತೆಯ ಕಾಲದಿಂದ ಇತ್ತು" ಅಂದರು, ಅಷ್ಟೇ.

ಮುಜಂಟಿಗೆ ಕಚ್ಚುವ ಮುಳ್ಳಿಲ್ಲ. ಹಳೇ ಗೋಡೆಯ ಸಂದು, ಮರದ ಪೊಟರೆ, ಒಮ್ಮೊಮ್ಮೆ ಕರೆಂಟ್ ಮೀಟರಿನ ಪೆಟ್ಟಿಗೆಯಲ್ಲೂ ಗೂಡು ಕಟ್ಟುತ್ತದೆ. ಹೊರಗೆ ಕಾಣುವುದು ಮೇಣದ ಒಂದು ಸಣ್ಣ ಕೊಳವೆ ಮಾತ್ರ. ಬೇರೆ ಜೇನಿನ ಹಾಗೆ ತೊಂದರೆ ಬಂದರೆ ಇಡೀ ಕುಟುಂಬ ಎದ್ದು ಬೇರೆ ಕಡೆ ಹೋಗುವುದು ಇದಕ್ಕೆ ಆಗುವುದಿಲ್ಲ. ಮೊಟ್ಟೆ ಇಡುವ ರಾಣಿಯ ಹೊಟ್ಟೆ ಉಬ್ಬಿ, ಅವಳು ಹಾರಲಾರಳು. ಅಂದರೆ ಕಿಂಡಿ ಮುಚ್ಚಿದರೆ ಒಳಗಿದ್ದದ್ದು ಅಲ್ಲೇ ಮುಗಿಯಿತು. ಇದು ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಕೆಂಪುಕಲ್ಲು ಎಷ್ಟು ಭಾರ ಹೊರುತ್ತದೆ ಅಂತ ಕಲಿತಿದ್ದೆ. ಅದರೊಳಗೆ ಯಾರು ಇರುತ್ತಾರೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಈಗ ಸೈಟಿಗೆ ಟೇಪ್ ಹಿಡಿದು ಹೋಗುವ ಮೊದಲು ಸುಮ್ನೆ ಒಮ್ಮೆ ಹೋಗಿ ಕೂತು ಬರುತ್ತೇನೆ. ಬಿಸಿಲು ಏರುವ ಹೊತ್ತಿಗೆ, ಒಂಬತ್ತು ಹತ್ತು ಗಂಟೆಗೆ. ಆಗ ಮುಜಂಟಿಯ ಓಡಾಟ ಕಣ್ಣಿಗೆ ಬೀಳುತ್ತದೆ. ಕೇಪಳದ ಪೊದೆಯಲ್ಲಿ ಪಿಕಳಾರದ ಗೂಡು ಉಂಟಾ, ಕರಿಬೇವಿನಲ್ಲಿ ಚಿಟ್ಟೆಯ ಹುಳ ಉಂಟಾ, ಮಳೆನೀರು ಯಾವ ಕಡೆ ಹರಿದ ಗುರುತು ಉಂಟು, ಎಲ್ಲ ಬರೆದುಕೊಳ್ಳುತ್ತೇನೆ. ಪ್ಲ್ಯಾನಿನ ಮೊದಲ ಹಾಳೆಯಲ್ಲಿ ಮನೆ ಇರುವುದಿಲ್ಲ, ಇವೇ ಇರುತ್ತವೆ.

ಆಮೇಲೆ ಉಡುಪಿಯ ಪರ್ಕಳದಲ್ಲಿ ಐದು ಸೆಂಟ್ಸಿನ ಮನೆಯೊಂದು ಬಂತು. ಐದು ಸೆಂಟ್ಸ್ ಅಂದರೆ ಸುಮಾರು 2,180 ಚದರ ಅಡಿ. ಮನೆ, ಕಾರು, ಬಾವಿ ಎಲ್ಲ ಅದರಲ್ಲೇ ಆಗಬೇಕು. ನಾನು ಮಾಡಿನ ಅಂಚನ್ನು ಗೋಡೆಯಿಂದ ಮೂರಡಿ ಹೊರಗೆ ಚಾಚಿಸಿದೆ. ನಮ್ಮ ಕಡೆ ಗಾರೆ ಮಾಡದ ಕೆಂಪುಕಲ್ಲಿನ ಗೋಡೆ ಉಳಿಯಬೇಕಾದರೆ ಮಳೆಯ ಎರಚಲು ತಾಗಬಾರದು. ಎರಚಲು ಹೆಚ್ಚು ಬರುವುದು ಪಡುವಣ ಮತ್ತು ತೆಂಕಣದಿಂದ. ಹಾಗಾಗಿ ಮೂಡಣ ಗೋಡೆಯಲ್ಲಿ, ಮಾಡಿನ ನೆರಳಿಗೆ, ದೀಪದ ಗೂಡಿನ ಅಳತೆಯ ಮೂರು ಗೂಡು ಬಿಟ್ಟು ಮುಜಂಟಿಯ ಮರದ ಪೆಟ್ಟಿಗೆ ಇಡಲು ಜಾಗ ಮಾಡಿದೆವು. ಖರ್ಚು ಏನೂ ಜಾಸ್ತಿ ಆಗಲಿಲ್ಲ. ಆದರೆ ಮಾಡು ಹೊರಗೆ ಬಂದಷ್ಟು ಮನೆ ಒಳಗೆ ಸರಿಯಬೇಕಾಯಿತು. ಒಂದು ಬೆಡ್‌ರೂಮ್ 12 ಅಡಿಯಿಂದ 10 ಅಡಿಗೆ ಇಳಿಯಿತು. ಮನೆಯವರಿಗೆ ಇದನ್ನು ಒಪ್ಪಿಸಲು ಮೂರು ಭಾನುವಾರ ಬೇಕಾಯಿತು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಕಟ್ಟುವ ಮನೆಯಲ್ಲಿ ಎರಡು ಅಡಿ ಅಂದರೆ ಸಣ್ಣದಲ್ಲ.

ಅಂಗಳದ ಮಾತಿನಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಇಡೀ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವುದು ಈಗ ಎಲ್ಲ ಕಡೆ ರೂಢಿ ಆಗಿದೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಸಾವಿರ ಚದರ ಅಡಿಯ ಮಾಡಿನ ಮೇಲೆ ಬೀಳುವುದೇ ಸುಮಾರು ಮೂರು ಲಕ್ಷ ಲೀಟರ್. ಅಷ್ಟನ್ನೂ ರಸ್ತೆಗೆ ಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಯುವುದು ನನಗೆ ಸಂಕಟ ತರುತ್ತದೆ. ಪರ್ಕಳದಲ್ಲಿ ಕಾರಿನ ಚಕ್ರ ಹೋಗುವಲ್ಲಿ ಮಾತ್ರ ಎರಡು ಸಾಲು ಕಲ್ಲು ಹಾಸಿದೆವು. ಉಳಿದದ್ದು ಮಣ್ಣು, ಹುಲ್ಲು, ಬಾವಿಯ ಹತ್ತಿರ ಕಲ್ಲು ತುಂಬಿದ ಇಂಗುಗುಂಡಿ. ಪಾಗಾರದ, ಅಂದರೆ ಕಾಂಪೌಂಡ್ ಗೋಡೆಯ, ಬುಡದಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟೆವು, ನೀರಿಗೂ ಆಯಿತು, ಕಪ್ಪೆ ಹಾವುರಾಣಿಗಳಿಗೂ ಆಯಿತು.

"ಕಪ್ಪೆ ಬಂದ್ರೆ ಹಾವು ಬರುದಿಲ್ವಾ ಮೇಡಂ?" ಅಂತ ಮನೆಯಾಕೆ ಕೇಳಿದರು. ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಬಾಗಿಲ ಎದುರು, ಓಡಾಡುವ ದಾರಿ, ಬಟ್ಟೆ ಒಣಗಿಸುವಲ್ಲಿ ನೆಲ ಸ್ವಚ್ಛವಾಗಿ ಇರಬೇಕು, ರಾತ್ರಿ ಬೆಳಕು ಬೇಕು. ತರಗೆಲೆ, ಪೊದೆ ಎಲ್ಲ ಹಿಂದಿನ ಒಂದು ಮೂಲೆಗೆ. ಸೊಳ್ಳೆಯದ್ದೂ ಹಾಗೆಯೇ. ಮಲೇರಿಯಾ, ಡೆಂಗ್ಯೂ ಕಂಡ ಊರು ನಮ್ಮದು. ನೀರು ಇಂಗಬೇಕು, ನಿಲ್ಲಬಾರದು. ಅದಕ್ಕೇ ತೆರೆದ ಕೊಳ ಕೇಳಿದರೆ ನಾನು ಬೇಡ ಅನ್ನುತ್ತೇನೆ.

ಹಳೇ ಮನೆ ಕೆಡವುವುದಿದ್ದರೆ ಈಗ ಮೊದಲ ಫೋನ್ ಜೆಸಿಬಿಯವರಿಗಲ್ಲ, ಮುಜಂಟಿ ಸಾಕುವವರಿಗೆ. ಅವರು ಕಲ್ಲು ಬಿಡಿಸಿ ಮೊಟ್ಟೆಯ ಭಾಗ, ರಾಣಿ ಸಿಕ್ಕರೆ ರಾಣಿಯನ್ನೂ ಪೆಟ್ಟಿಗೆಗೆ ಸೇರಿಸುತ್ತಾರೆ. ಹಳೇ ಕೊಳವೆಯ ಮೇಣವನ್ನು ಪೆಟ್ಟಿಗೆಯ ಬಾಯಿಗೆ ಅಂಟಿಸಿ ಅದೇ ಜಾಗದಲ್ಲಿ ಇಡುತ್ತಾರೆ. ಹೊರಗೆ ಹೋದ ಜೇನುಗಳು ವಾಸನೆ ಹಿಡಿದು ಬರುತ್ತವೆ. ಪರ್ಕಳದ ಮೂರು ಗೂಡಿನಲ್ಲಿ ಒಂದಕ್ಕೆ ಬಂದ ಪೆಟ್ಟಿಗೆ ಹೀಗೆ ಉಳಿಸಿದ್ದೇ.

ಕುಲಶೇಖರದ ಗೋಡೆಯಲ್ಲಿ ನಾವು ಒಡೆದ ಕಿಂಡಿಯನ್ನು ಅಮ್ಮ ಮತ್ತೆ ಮುಚ್ಚಲು ಬಿಡಲಿಲ್ಲ. ಅದು ಇನ್ನೂ ಖಾಲಿ ಇದೆ. ಆ ಕಡೆ ಹೋದಾಗಲೆಲ್ಲ ನೋಡಿ ಬರುತ್ತೇನೆ.