ಶೆಡ್ಡಿನ ಗ್ಯಾಸ್ ಫರ್ನೇಸಿಗೆ ಕೊನೆಗೂ ಉಸಿರು ಬಂತು: ಮಳೆಗಾಲದ ಅಪ್ಡೇಟ್

ಕಂಚಿನ ಗಂಟೆ ನಾದ ಕೊಟ್ಟಿತು ಮಾರಾಯ್ರೆ! ಹೊರಗೆ ಆಟಿ ಮಳೆ ಹೊಯ್ತಾ ಇರುವಾಗ, ಶೆಡ್ಡಿನ ಬಾಗಿಲು ಹಾಕಿಕೊಂಡೇ ಗ್ಯಾಸ್ ಫರ್ನೇಸಿನಲ್ಲಿ (ಲೋಹ ಕರಗಿಸುವ ಕುಲುಮೆ) ಕರಗಿಸಿ ಎರಕ ಹೊಯ್ದದ್ದು. ಸಿಒ (ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ) ಮೀಟರ್ ಒಂದಂಕಿ ದಾಟ್ಲಿಲ್ಲ, ಗಂಟೆಯ ಮೈಯಲ್ಲಿ ಸೂಜಿತೂತು ಒಂದೂ ಇಲ್ಲ. ಫರ್ನೇಸ್ ಕಟ್ಟಿದ್ದು, ಫೈಬರ್ ಬ್ಲಾಂಕೆಟ್ ಹಾಸಿದ್ದು, ಬರ್ನರಿಗೆ ಜೆಟ್ ಕೂರಿಸಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಅದನ್ನೆಲ್ಲ ಬಿಡ್ತೇನೆ. ಇವತ್ತು ಬರೀ ಗಾಳಿಯ ವಿಷಯ.

ಬೇಸಗೆಯಲ್ಲಿ ಎಂತ ತೊಂದರೆಯೂ ಇರ್ಲಿಲ್ಲ, ಬಾಗಿಲು ತೆರೆದು, ಪಡುದಿಕ್ಕಿನ ಬದಿ ಪೂರ್ತಿ ಓಪನ್ ಇಟ್ಟು ಕೆಲಸ ಮಾಡ್ತಿದ್ದೆ. ಜೂನಿನಲ್ಲಿ ನಮ್ಮ ಬದಿಯಡ್ಕದ ಕಡೆ ಮಳೆ ಹೇಗೆ ಅಡ್ಡಕ್ಕೆ ಹೊಡೀತದೆ ಅಂತ ಗೊತ್ತುಂಟಲ್ಲ, ಕರಗಿದ ಕಂಚಿನ ಮೂಸೆಗೆ ಒಂದು ಹನಿ ನೀರು ಬಿದ್ರೆ ಕಥೆ ಮುಗೀತು, ಹಾಗಾಗಿ ಪಡುಬದಿಗೆ ಶೀಟ್ ಹೊಡೆದು ಮುಚ್ಚಲೇಬೇಕಾಯ್ತು. ಅಲ್ಲಿಂದ ಶುರು. ಅದೇ ಬರ್ನರ್, ಅದೇ ಪ್ರೆಶರ್, ಆದ್ರೆ ಸ್ವಲ್ಪ ಹೊತ್ತಿಗೆ ಉರಿ ಸೋಮಾರಿಯಾಗಿ ಫರ್ನೇಸಿನ ಬಾಯಿಂದ ಹಳದಿ ನಾಲಗೆ ಹೊರಗೆ ಚಾಚ್ತದೆ, ಮೀಟರ್ 30, 45, 60 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ಅಂತ ಹತ್ತುದು. ಗ್ಯಾಸ್ ಬಂದ್ ಮಾಡಿ ಹೊರಗೆ ಓಡುದು. ಹೇಗೋ ಹೊಯ್ದ ಗಂಟೆಯೂ ಡಬ್ ಅಂತದೆ ಬಿಟ್ರೆ ಟಣ್ ಅನ್ನುದಿಲ್ಲ. ಕೊಯ್ದು ನೋಡಿದ್ರೆ ಒಳಗೆಲ್ಲ ತೂತು.

ಎರಡೂ ಒಂದೇ ರೋಗ. ಗಾಳಿ ಸಾಲದ ಉರಿಯಲ್ಲಿ ಇಂಗಾಲ ಪೂರ್ತಿ ಸುಡದೆ ಕಾರ್ಬನ್ ಮೊನಾಕ್ಸೈಡ್ ಆಗ್ತದೆ, ಸುಡದೆ ಉಳಿದ ಹೈಡ್ರೋಜನನ್ನು ಕರಗಿದ ಕಂಚು ಕುಡೀತದೆ, ಗಟ್ಟಿಯಾಗುವಾಗ ಅದನ್ನು ಹೊರಗೆ ಬಿಡ್ತದೆ, ಅದೇ ತೂತು. ಮುಚ್ಚಿದ ಶೆಡ್ಡಿನಲ್ಲಿ ಬರ್ನರ್ ತಾನು ಬಿಟ್ಟ ಹೊಗೆಯನ್ನೇ ವಾಪಾಸ್ ಎಳ್ಕೊಳ್ತಾ ಇತ್ತು.

ಲೆಕ್ಕ ಹಾಕಿ ನೋಡಿದೆ. ಸಿಲಿಂಡರನ್ನು ತಕ್ಕಡಿಯಲ್ಲಿಟ್ಟು ಉರಿಸಿದ್ರೆ ತಾಸಿಗೆ ಹೆಚ್ಚುಕಮ್ಮಿ 1 ಕಿಲೋ ಗ್ಯಾಸ್. 1 ಕಿಲೋ ಎಲ್‌ಪಿಜಿ ಸರಿಯಾಗಿ ಸುಡ್ಲಿಕ್ಕೆ ಸುಮಾರು 15.5 ಕಿಲೋ ಗಾಳಿ, ಅಂದ್ರೆ 13 ಘನ ಮೀಟರ್ ಹತ್ರ ಬೇಕು. 10 ಅಡಿ, 12 ಅಡಿ, 9 ಅಡಿ ಎತ್ತರದ ನನ್ನ ಶೆಡ್ಡಿನಲ್ಲಿ ಇರುದು ಒಟ್ಟು 30 ಘನ ಮೀಟರ್ ಚಿಲ್ಲರೆ. ಅದು ಖಾಲಿಯಾಗುವ ತನಕ ಕಾಯ್ಬೇಕಂತಿಲ್ಲ, ಆಮ್ಲಜನಕ ಸ್ವಲ್ಪ ಇಳಿದ್ರೂ ಉರಿ ಕೆಡ್ತದೆ. ಅಮೆರಿಕದಲ್ಲಿ ಚಳಿಗೆ ಮನೆ ಬೆಚ್ಚಗಿಡ್ಲಿಕ್ಕೆ ಗ್ಯಾಸ್ ಫರ್ನೇಸ್ ಇಡ್ತಾರಲ್ಲ, ಅದಕ್ಕೆ ಎನ್‌ಎಫ್‌ಪಿಎ 54 ಅಂತ ಗ್ಯಾಸ್ ಸುರಕ್ಷತೆಯ ಕೋಡ್ ಉಂಟು. ಕೋಣೆಯ ಗಾಳಿಯಲ್ಲೇ ಉರಿಸುದಾದ್ರೆ ತಾಸಿಗೆ 1,000 ಬಿಟಿಯುಗೆ (ಬಿಟಿಯು ಅಂದ್ರೆ ಶಾಖದ ಅಳತೆ) 50 ಘನ ಅಡಿ ಜಾಗ ಬೇಕು ಅಂತದೆ ಅದು. ನನ್ನ ಬರ್ನರ್ ಸುಮಾರು 47,000 ಬಿಟಿಯು, ಅಂದ್ರೆ 2,350 ಘನ ಅಡಿ. ಶೆಡ್ಡಿನಲ್ಲಿ ಇರುದು 1,080. ಅರ್ಧವೂ ಇಲ್ಲ!

ಜಾಗ ಇಲ್ಲದಿದ್ರೆ ಹೊರಗಿನ ಗಾಳಿಗೆ ಎರಡು ಕಿಂಡಿ ಬಿಡ್ಬೇಕು, ಒಂದು ಮಾಡಿನಿಂದ (ಛಾವಣಿ) 12 ಇಂಚಿನ ಒಳಗೆ, ಇನ್ನೊಂದು ನೆಲದಿಂದ 12 ಇಂಚಿನ ಒಳಗೆ, ಗೋಡೆಯಿಂದ ಸೀದಾ ಹೊರಗೆ ಹೋಗುದಾದ್ರೆ ಒಂದೊಂದೂ 4,000 ಬಿಟಿಯುಗೆ 1 ಚದರ ಇಂಚು. ನನಗೆ 12 ಚದರ ಇಂಚು ಬಂತು. ಅಷ್ಟೇಯಾ ಅಂತ ಖುಷಿಪಡ್ಬೇಡಿ, ಆ ಕೋಡ್ ಹೊಗೆ ಪೈಪಿನಲ್ಲಿ ಹೊರಗೆ ಹೋಗುವ ಫರ್ನೇಸಿಗೆ, ನಮ್ಮದು ಬಾಯಿ ತೆರೆದ ಫರ್ನೇಸ್. ಅದೂ ಅಲ್ಲದೆ ಮರದ ಲೂವರ್ (ಓರೆ ಪಟ್ಟಿಗಳು) ಹಾಕಿದ್ರೆ ಕಾಲು ಭಾಗ ಮಾತ್ರ ತೆರೆದ ಜಾಗ ಅಂತ ಹಿಡೀಬೇಕು, ಸೊಳ್ಳೆ ಮೆಶ್ ಹಾಕಿದ್ರೆ ಮಳೆಗಾಲದ ಹಾತೆಗಳೇ ಕಿಂಡಿ ಮುಚ್ಚಿಬಿಡ್ತವೆ. ಕಾಲಿಂಚಿಗಿಂತ ಸಣ್ಣ ಮೆಶ್ ಬೇಡ.

ಈಗ ಅಸಲು ತಲೆನೋವು. ಫರ್ನೇಸಿನ ಮೇಲೆ ಜಿಐ ಶೀಟಿನ ಹುಡ್ (ಹೊಗೆ ಹಿಡಿಯುವ ಕೊಡೆ) ಮತ್ತು ಮಾಡು ದಾಟಿ ಹೋಗುವ ಪೈಪ್ ಉಂಟು, ಎದುರು ಗೋಡೆಯಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಉಂಟು. ಫ್ಯಾನ್ ಹಾಕಿದ್ರೆ ಸಿಒ ಕಮ್ಮಿ ಆಗ್ಬೇಕಲ್ವಾ? ಜಾಸ್ತಿ ಆಗ್ತದೆ! ಎಂತ ಕರ್ಮ ಇದು ಅಂತ ಒಂದು ಅಗರಬತ್ತಿ ಹಚ್ಚಿ ಹುಡ್ಡಿನ ಅಂಚಿಗೆ ಹಿಡಿದೆ. ಹೊಗೆ ಮೇಲೆ ಹೋಗುದು ಬಿಟ್ಟು ಕೆಳಗೆ ನನ್ನ ಮುಖಕ್ಕೇ ಬಂತು. ಫ್ಯಾನ್ ಬಂದ್ ಮಾಡಿದೆ, ಹೊಗೆ ಸೀದಾ ಮೇಲೆ. ಹಾಕಿದೆ, ಕೆಳಗೆ. ಒಳಗೆ ಬರ್ಲಿಕ್ಕೆ ಬೇರೆ ದಾರಿ ಇಲ್ಲದ ಕಾರಣ ಫ್ಯಾನ್ ಹೊರಗೆ ದೂಡುವ ಅಷ್ಟೂ ಗಾಳಿ ಹೊಗೆಪೈಪಿನಿಂದಲೇ ಇಳೀತಾ ಇತ್ತು, ಬರುವಾಗ ಹೊಗೆಯನ್ನೂ ಕರ್ಕೊಂಡು ಬರ್ತಿತ್ತು. ಪಕ್ಕದಲ್ಲಿ ನಿಂತು ನೋಡ್ತಿದ್ದ ಭಾವ ಹೇಳಿದ್ರು, "ನೀನು ಶೆಡ್ಡಿನ ಬಾಯಿ ಮೂಗು ಎರಡೂ ಕಟ್ಟಿ ಊದು ಅಂತಿದ್ದಿ ಮಾರಾಯ." ಎಲ್ಲರೂ ನಕ್ಕೆವು, ಆದ್ರೆ ಇದಕ್ಕಿಂತ ಸರಿಯಾಗಿ ಯಾರೂ ಹೇಳ್ಲಿಕ್ಕಿಲ್ಲ. ಒಳಗೆ ಬರುವ ದಾರಿ ಮಾಡದೆ ಫ್ಯಾನ್ ಮುಟ್ಟಲೇಬೇಡಿ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಯಾವಾಗ ಹೋಗ್ತದೆ ಅಂತ ಹೇಳ್ಲಿಕ್ಕೂ ಆಗುದಿಲ್ಲ, ಮೂಸೆ ಒಳಗಿರುವಾಗ ಫ್ಯಾನ್ ನಿಂತ್ರೆ? ಬಿಸಿ ಗಾಳಿ ತಾನಾಗಿ ಮೇಲೆ ಹೋಗುವ ಹಾಗೆಯೇ ವ್ಯವಸ್ಥೆ ಇರ್ಬೇಕು.

ಮುರಕಲ್ಲಿನ ಗೋಡೆಯಾದ್ದು ಒಳ್ಳೆದಾಯ್ತು. ಮೂಡುಬದಿಯಲ್ಲಿ ಕೆಳಗೊಂದು ಮೇಲೊಂದು ಕಲ್ಲು ತೆಗೆಸಿದೆ, ಒಂದೊಂದು ಕಿಂಡಿ 12 ಇಂಚು ಉದ್ದ 7 ಇಂಚು ಎತ್ತರ, 84 ಚದರ ಇಂಚು. ಎರಡೂ ಒಂದೇ ಬದಿಯಲ್ಲಿ ಯಾಕೆ ಅಂದ್ರೆ ಪಡುಗಾಳಿ ಒಂದು ಕಿಂಡಿಯನ್ನು ಒತ್ತಿ ಇನ್ನೊಂದನ್ನು ಎಳೆಯುವ ಆಟ ಬೇಡ. ಕೆಳಗಿನ ಕಿಂಡಿ ನೆಲಕ್ಕೆ ತಾಗಿಯೇ ಇರ್ಬೇಕು, ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದಲ್ಲಿ ಹರಡಿ ಕೂತ್ಕೊಳ್ತದೆ, ಗಾಳಿಯಲ್ಲಿ 2 ಪರ್ಸೆಂಟ್ ಹತ್ರ ಬಂದ್ರೆ ಸಾಕು ಹೊತ್ತಿಕೊಳ್ಳಿಕ್ಕೆ. ಸಿಲಿಂಡರ್ ಅಂತೂ ಹೊರಗೇ. ಅದರ ಮೇಲೆ ಕೆಳಗಿನ ಕಿಂಡಿಯಿಂದ ಬರ್ನರ್ ಬಾಯಿಯ ಹತ್ರದ ತನಕ 3 ಇಂಚಿನ ಪೈಪ್ ತಂದೆ, ಕೊನೆಯ ತುಂಡು ಜಿಐ, ಬರ್ನರಿಗೆ ಜೋಡಿಸದೆ ಒಂದು ಗೇಣು ಬಿಟ್ಟಿದ್ದೇನೆ. ಅಮೆರಿಕದ ಹೊಸ ಫರ್ನೇಸುಗಳು ಹೊರಗಿನ ಗಾಳಿಯನ್ನು ಪೈಪಿನಲ್ಲೇ ತರ್ತವಲ್ಲ, ಅಲ್ಲಿಂದ ಬಂದ ಐಡಿಯ. ಪೈಪ್ ಇಟ್ಟ ಕೂಡ್ಲೇ ಉರಿ ನೀಲಿಗೆ ತಿರುಗಿತು, ಸೌಂಡೇ ಬೇರೆ!

ಮೀಟರಿನ ಕಥೆ ಹೇಳದೆ ಆಗುದಿಲ್ಲ. ಸಿಒ ಅಲಾರ್ಮ್ ಕೇಳಿದ್ರೆ ಅಂಗಡಿಯವರು ಗ್ಯಾಸ್ ಲೀಕ್ ಅಲಾರ್ಮ್ ಕಳಿಸಿ "ಎರಡೂ ಒಂದೇ ಸಾರ್" ಅಂದ್ರು. ಖಂಡಿತ ಒಂದೇ ಅಲ್ಲ! ಲೀಕ್ ಅಲಾರ್ಮ್ ನೆಲದ ಹತ್ರ ಇಡುದು, ಅದಕ್ಕೆ ಸಿಒ ಗೊತ್ತೇ ಆಗುದಿಲ್ಲ. ಸಿಒ ಹೆಚ್ಚುಕಮ್ಮಿ ಗಾಳಿಯಷ್ಟೇ ತೂಕ, ವಾಸನೆ ಇಲ್ಲ, ಮೀಟರ್ ನಾವು ಉಸಿರಾಡುವ ಎತ್ತರದಲ್ಲಿರ್ಬೇಕು. ಯುಎಲ್ 2034 (ಸಿಒ ಅಲಾರ್ಮಿನ ಅಮೆರಿಕದ ಮಾನದಂಡ) ಅಂತ ಬರೆದ ಮನೆ ಅಲಾರ್ಮ್ ಕೂಡ 70 ಪಿಪಿಎಂ ಆದ್ರೆ ಕೂಗ್ಲಿಕ್ಕೆ 1ರಿಂದ 4 ಗಂಟೆ ತೆಗೊಳ್ತದೆ. ಅಂಕಿ ತೋರಿಸುವ ಲೋ ಲೆವೆಲ್ ಮೀಟರೇ ತೆಗೊಳ್ಳಿ, 30 ಕಂಡ್ರೆ ಗ್ಯಾಸ್ ಬಂದ್, ಹೊರಗೆ. ಹಿತ್ತಾಳೆ ಸ್ಕ್ರಾಪ್ ಕರಗಿಸುವವರಿಗೆ ಇನ್ನೊಂದು ಮಾತು, ಸತು 907 ಡಿಗ್ರಿಗೇ ಕುದೀತದೆ, ಆ ಬಿಳಿ ಹೊಗೆ ಮೀಟರಿನಲ್ಲಿ ಕಾಣುದಿಲ್ಲ, ಜ್ವರ ಬರಿಸ್ತದೆ.

ಈಗ ತಲೆ ತುಂಬ ಅಡಿಕೆ ಡ್ರೈಯರ್. ಚಾಲಿ (ಸಿಪ್ಪೆಸಮೇತ ಒಣಗಿಸುವ ಹಣ್ಣಡಿಕೆ) ಒಣಗ್ಲಿಕ್ಕೆ ಬಿಸಿಲಲ್ಲಿ 40 ದಿನದ ಹತ್ರ ಬೇಕು, ಈಗೀಗ ಕೊಯ್ಲಿನ ಸಮಯಕ್ಕೂ ಮಳೆ ಬಿಡುದಿಲ್ಲ. ಒಲೆಯ ಹೊಗೆ ಪೈಪಿನ ಒಳಗೇ ಹೋಗಿ ಮಾಡಿನ ಮೇಲೆ ಬಿಡ್ಬೇಕು, ಪೈಪಿನ ಹೊರಮೈಗೆ ತಾಗಿದ ಬಿಸಿ ಗಾಳಿ ಮಾತ್ರ ಅಡಿಕೆಗೆ, ಇಲ್ಲದಿದ್ರೆ ಹೊಗೆ ವಾಸನೆ ಹಿಡೀತದೆ. ಒಲೆಗೆ ಬೇರೆ ಕಿಂಡಿ, ಅಡಿಕೆಗೆ ಬೇರೆ ಕಿಂಡಿ, ಎರಡೂ ಕಾಗದದಲ್ಲಿ ಬರೆದಾಯ್ತು. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಒಮ್ಮೆ ವಿಚಾರಿಸಿಕೊಂಡು ಬಂದು ಡ್ರೈಯರಿಗೆ ಡ್ರಮ್ಮು ಕೊಯ್ಲಿಕ್ಕೆ ಶುರು ಮಾಡುದು, ಅಷ್ಟರೊಳಗೆ ಅಮ್ಮ ಕೇಳಿದ ಇನ್ನೆರಡು ದನದ ಗಂಟೆ ಹೊಯ್ದು ಕೊಡ್ಲಿಕ್ಕುಂಟು.