ಬಳೇಪೇಟೆಯ ಜಗಲಿ

ಮೃದಂಗದ ವಾರು ಬಿಗಿಸಿಕೊಳ್ಳಲು ಇಂದು ಬೆಂಗಳೂರಿನ ಬಳೇಪೇಟೆಗೆ ಹೋಗಿದ್ದೆ.

ವಾದ್ಯದಂಗಡಿಯ ಹಿರಿಯರು ಮೃದಂಗವನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು, ಅದರ ಅಂಚನ್ನು ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಶ್ರುತಿ ನೋಡುತ್ತಲೇ ಕರಗದ ಮಾತು ತೆಗೆದರು. ಚೈತ್ರ ಪೂರ್ಣಿಮೆಯ ರಾತ್ರಿ ಅವರ ಮನೆಮಂದಿಯೆಲ್ಲ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕಾಯುತ್ತಿದ್ದರಂತೆ. ಧರ್ಮರಾಯನ ಗುಡಿಯಿಂದ ಹೊರಟ ಕರಗ ತಮ್ಮ ಬೀದಿಗೆ ಎಷ್ಟು ಹೊತ್ತಿಗೆ ಬರುವುದೋ ಯಾರಿಗೂ ತಿಳಿಯದಿದ್ದರೂ, ಕತ್ತಿ ಹಿಡಿದು ಕರಗದೊಡನೆ ಸಾಗುವ ವೀರಕುಮಾರರ ಗೋವಿಂದನಾಮ ಕೇಳಿಸಿದೊಡನೆ ನಿದ್ದೆಗಣ್ಣಿನ ಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ.

ಕರಗ ಇಂದಿಗೂ ಪೇಟೆಯ ಬೀದಿಗಳಲ್ಲಿ ಸಾಗಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ಉಳಿಯದಿರುವುದು ಆ ಜಗಲಿಗಳು. (ಅಡಿ ಜಾಗಕ್ಕೂ ಬಾಡಿಗೆ ಹುಟ್ಟುವ ಬೀದಿಯಲ್ಲಿ ಉಳಿಯುವುದಾದರೂ ಹೇಗೆ?)

ಪೇಟೆಯ ಇತಿಹಾಸವೆಂದರೆ ನಾವು 1537, ಕೆಂಪೇಗೌಡರು, ಮಣ್ಣಿನ ಕೋಟೆ ಎಂದು ಒಪ್ಪಿಸಿ ಸುಮ್ಮನಾಗುತ್ತೇವೆ. ಕರಗ ನೋಡಲು ಬಂದ ಅಪರಿಚಿತರನ್ನು ಯಾವ ಮನೆಯವರು ಜಗಲಿಗೆ ಕರೆದು ಕೂರಿಸಿಕೊಳ್ಳುತ್ತಿದ್ದರು ಎಂಬುದು ನನಗೆ ಅದಕ್ಕಿಂತ ಕುತೂಹಲದ ಸಂಗತಿ. ಮೃದಂಗ ತರಲು ಹೋದಾಗ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕೆಂದಿದ್ದೇನೆ. ಪೇಟೆಯಲ್ಲಿ ಬೆಳೆದ ಸ್ನೇಹಿತರು ತಮ್ಮ ಮನೆಯವರನ್ನೂ ಒಮ್ಮೆ ವಿಚಾರಿಸಿ ತಿಳಿಸಿ.